ಒರೆಸದೆ ಬಿಟ್ಟ ಕೈ

ಆ ಕಾಲೇಜಿನಲ್ಲಿ ಚಿತ್ರ ಬರೆಯುವ ಕೋಣೆ ಮೇಲಿನ ಅಂತಸ್ತಿನಲ್ಲಿತ್ತು. ಒಂದು ಬದಿಯಲ್ಲಿ ಉದ್ದಕ್ಕೂ ಕಿಟಕಿ, ನೆಲದ ತುಂಬ ವರ್ಷವರ್ಷದ ಬಣ್ಣದ ಹನಿ, ಮೂಲೆಯಲ್ಲಿ ಒರೆಸಿದ ಬಟ್ಟೆಚೂರು ಹಾಕುವ ತಗಡಿನ ಡಬ್ಬ. ಕೆಳಗಿನ ವರ್ಷದವರಿಗೆ ರೇಖೆ, ಮೂರನೆಯ ವರ್ಷದವರಿಗೆ ಎಣ್ಣೆಬಣ್ಣ ಅಲ್ಲಿ ಕಲಿಸುತ್ತಿದ್ದವರನ್ನು, ಎದುರಿಗೆ ಸರ್ ಎಂದರೂ, ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಬೇರೆ ಅಧ್ಯಾಪಕರು ಎಷ್ಟು ಮಂದಿ ಇದ್ದರೂ ಅವರೆಲ್ಲ ಸರ್, ಮೇಡಂ. ಮೇಷ್ಟ್ರು ಎಂದರೆ ಅವರೊಬ್ಬರೇ.

ಮೇಷ್ಟ್ರದು ಒಂದು ನೇಮವಿತ್ತು. ಸದ್ದಿಲ್ಲದೆ ಬಂದು ವಿದ್ಯಾರ್ಥಿಯ ಬೆನ್ನ ಹಿಂದೆ ನಿಲ್ಲುವರು. ಬಹಳ ಹೊತ್ತು ಮಾತಿಲ್ಲ. ಆಮೇಲೆ "ಸ್ವಲ್ಪ ಸರಿ" ಎಂದು ಅವನ ಕೈಯಿಂದಲೇ ಬ್ರಷ್ಷು ತೆಗೆದುಕೊಂಡು, ಬಣ್ಣ ಕಲಸುವ ಅವನದೇ ಪ್ಯಾಲೆಟ್ಟನ್ನು ಎಡಗೈಯಲ್ಲಿ ಹಿಡಿದು, ತಪ್ಪಿದ ಕಡೆ ತಿದ್ದುವರು. ಮಣ್ಣಿನ ಹೆಂಟೆಯಂತೆ ಬಿದ್ದಿದ್ದ ಮೂಗು ಉಸಿರಾಡತೊಡಗುವುದು. ಬಟ್ಟೆಯ ಮಡಿಕೆಯೊಳಗೆ ಮೊಣಕಾಲು ಬಂದು ಕೂರುವುದು.

"ನೋಡಿದ್ಯಾ?"

"ನೋಡಿದೆ ಸರ್."

"ಸರಿಯಾಗಿ ನೋಡಿದ್ಯಾ?"

"ಹೂಂ ಸರ್."

"ಹಾಗಾದ್ರೆ ಒರೆಸು. ಈಗ ನೀನು ಮಾಡು."

ಅಷ್ಟು ಹೇಳಿ, ಕ್ಯಾನ್ವಾಸು ನಿಲ್ಲಿಸಿದ ಮುಂದಿನ ಈಸೆಲ್ಲಿಗೆ ಹೋಗಿಬಿಡುವರು. ತಿರುಗಿ ನೋಡುತ್ತಿರಲಿಲ್ಲ. ವಿದ್ಯಾರ್ಥಿ ಹೊಟ್ಟೆ ಉರಿದುಕೊಂಡು, ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ, ಆ ಚೆಲುವಾದ ಮೂಗನ್ನು ಒರೆಸಿ ತೆಗೆದು, ತನ್ನ ಮಣ್ಣಿನ ಹೆಂಟೆಯನ್ನೇ ಮತ್ತೆ ಶುರುಮಾಡಬೇಕು. ಮೇಷ್ಟ್ರ ಒಳ್ಳೆಯ ಚಿತ್ರಗಳೆಲ್ಲ ತಗಡಿನ ಡಬ್ಬದಲ್ಲಿವೆ ಎಂದು ಹುಡುಗರು ನಗುತ್ತಿದ್ದರು. ನಕ್ಕರೂ ಒರೆಸದೆ ಬಿಟ್ಟವರಿಲ್ಲ. ದೇವರ ಮುಂದೆ ಚಪ್ಪಲಿ ಬಿಡುವಷ್ಟೇ ಸಹಜವಾಗಿ ಆ ಕೋಣೆಯಲ್ಲಿ ಅದು ನಡೆದು ಬಂದಿತ್ತು.

ಒರೆಸದೆ ಬಿಟ್ಟವಳು ಚುಕ್ಕಿ.

ಚುಕ್ಕಿ ಎಂಬುದು ಕಾಲೇಜು ಅವಳಿಗಿಟ್ಟ ಹೆಸರು. ಮೊದಲನೆಯ ವರ್ಷ ಯಾರ ಮುಖ ಬರೆಯಲು ಕುಳಿತರೂ ಅಳತೆಗೆಂದು ಕಾಗದದ ತುಂಬ ಚುಕ್ಕಿ ಇಟ್ಟುಕೊಳ್ಳುತ್ತಿದ್ದಳು. "ಏನಮ್ಮಾ, ಸಿಡುಬಾ?" ಎಂದು ಮೇಷ್ಟ್ರು ಕೇಳಿದ್ದರು. ಚುಕ್ಕಿ ಹೋದರೂ ಹೆಸರು ಹೋಗಲಿಲ್ಲ. ಕೆಲಸದಲ್ಲಿ ಅವಳು ಮಂದ, ಆದರೆ ಬಿಡದವಳು. ಬೇರೆಯವರು ಒಂದು ಚಿತ್ರ ಮುಗಿಸುವ ಹೊತ್ತಿಗೆ ಅವಳದು ಕಿವಿಯವರೆಗೆ ಬಂದಿರುತ್ತಿತ್ತು.

ಆ ವರ್ಷದ ದೊಡ್ಡ ಚಿತ್ರಕ್ಕೆ ಅವಳು ತಾತನನ್ನು ಆರಿಸಿಕೊಂಡಿದ್ದಳು. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಹೋದರೆ ಸಂಜೆಗೆ ಬರುವವರು. ಕೂರಲು ಬಿಡುವಿದ್ದವನು ತಾತನೊಬ್ಬನೇ. ಬಿಡುವಿತ್ತು, ಕೂರುವ ಅಭ್ಯಾಸ ಮಾತ್ರ ಇರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರನಾಗಿ ಆಯುಸ್ಸೆಲ್ಲ ನಿಂತು ಕಳೆದವನು. ಕುರ್ಚಿಯಲ್ಲಿ ಕೂರಿಸಿದರೆ ಸ್ವಲ್ಪ ಹೊತ್ತಿಗೆಲ್ಲ ಎದ್ದು, ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು, ಬಸ್ಸು ಹೊರಳಿದಂತೆ ಮೈಯನ್ನು ಓಲಾಡಿಸುತ್ತಿದ್ದ.

"ತಾತ, ಕೂತ್ಕೋ."

"ಕೂತಿದ್ನಲ್ಲೇ ಇಷ್ಟು ಹೊತ್ತು."

"ಇಷ್ಟು ಹೊತ್ತಲ್ಲಿ ಒಂದು ಹುಬ್ಬು ಆಗಿದೆ ಅಷ್ಟೆ."

"ಒಂದು ಹುಬ್ಬಿಗೆ ಇಷ್ಟು ಹೊತ್ತಾದ್ರೆ ಪೂರ್ತಿ ಮುಖ ಆಗೋದ್ರೊಳಗೆ ನಾನಿರ್ತೀನೇನೇ?" ಎಂದು ಗೊಣಗುತ್ತ ಮತ್ತೆ ಕೂರುತ್ತಿದ್ದ.

ಮುಖ ಬಂತು. ನಿಜವಾಗಿ ಚೆನ್ನಾಗಿಯೇ ಬಂತು. ಏನೋ ಹೇಳಲು ಬಾಯಿ ತೆರೆಯಲಿರುವವನ ಮುಖ. ಅಷ್ಟು ಅವಳದೇ ಕೆಲಸ. ಅದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ. ಬಾರದೆ ಕಾಡಿದ್ದು ಕೈ. ಕ್ಯಾನ್ವಾಸನ್ನು ಕಾಲೇಜಿಗೆ ಹೊತ್ತು ತಂದ ಮೇಲೂ ಮೊಣಕಾಲಿನ ಮೇಲೆ ಊರಿದ ಎಡಗೈ ಹತ್ತಿ ತುಂಬಿದ ಕೈಗವಸಿನ ಹಾಗೆ ಬಿದ್ದುಕೊಂಡಿತ್ತು. ಬರೆದಳು, ಒರೆಸಿದಳು, ಬರೆದಳು, ಒರೆಸಿದಳು.

ಪಕ್ಕದ ಈಸೆಲ್ಲಿನ ಹುಡುಗ ಬಗ್ಗಿ ನೋಡಿ, "ಏನೇ ಇದು, ಬದನೆಕಾಯಿ ಗೊಂಚಲಾ?" ಎಂದ. ಅವನನ್ನು ಎಲ್ಲರೂ ಟರ್ಪಿ ಎನ್ನುತ್ತಿದ್ದರು; ಟರ್ಪೆಂಟೈನಿನ ಡಬ್ಬಿಯನ್ನು ದಿನಕ್ಕೊಮ್ಮೆಯಾದರೂ ಒದ್ದು ಉರುಳಿಸದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

"ನಿನ್ನ ಡಬ್ಬಿ ನೋಡ್ಕೊಳ್ಳೋ" ಎಂದಳು ಚುಕ್ಕಿ.

ಒಂದು ಸಂಜೆ, ಹುಡುಗರೆಲ್ಲ ಬ್ರಷ್ಷು ತೊಳೆಯಲು ನಲ್ಲಿಯ ಕಡೆ ಹೋಗಿದ್ದಾಗ, ಮೇಷ್ಟ್ರು ಅವಳ ಹಿಂದೆ ಬಂದು ನಿಂತರು. ಕೆಲವು ದಿನಗಳಿಂದ ಅವರಿಗೆ ಕೆಮ್ಮು. ಕೆಮ್ಮಿ ಮುಗಿಯುವವರೆಗೆ ಬಾಯಿಗೆ ಕರವಸ್ತ್ರ ಹಿಡಿದಿದ್ದು, ಆಮೇಲೆ "ಸ್ವಲ್ಪ ಸರಿ" ಎಂದರು.

ತಾತ ಎದುರಿಗೆ ಇರಲಿಲ್ಲ. ಕೈ ನೋಡದೆ ಕೈ ಬರೆಯುವವರು ಮೇಷ್ಟ್ರಲ್ಲ. ಸ್ಟೂಲೊಂದನ್ನು ಎಳೆದು ಕುಳಿತು, ತಮ್ಮ ಎಡಗೈಯನ್ನೇ ತಮ್ಮ ಮೊಣಕಾಲಿನ ಮೇಲೆ ಊರಿ, ಅದನ್ನು ನೋಡುತ್ತ ಬಲಗೈಯಿಂದ ಬರೆದರು. ಕಾವಿಗೆ ಚೂರು ಹಸಿರು ಕಲಸಿದರು. "ಕೈ ಮೊಣಕಾಲಿನ ಮೇಲೆ ಇದೆ ಅಂತ ಬರೀಬೇಡ. ಭಾರ ಎಲ್ಲಿ ಇಳೀತಿದೆ ನೋಡು. ಇಲ್ಲಿ, ಈ ಗೆಣ್ಣಿನ ಹತ್ರ. ಬೆರಳು ಸುಮ್ನೆ ಜೊತೆಗೆ ಬಂದಿರೋವು." ಚುಕ್ಕಿ ನೋಡುತ್ತಿದ್ದಂತೆ ದುಡಿದು ದಣಿದ ಕೈಯೊಂದು ಕ್ಯಾನ್ವಾಸಿನ ಮೇಲೆ ಇಳಿದು ಕುಳಿತಿತು. ಅಂಥದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

"ನೋಡಿದ್ಯಾ?"

"ನೋಡಿದೆ ಸರ್."

"ಸರಿಯಾಗಿ ನೋಡಿದ್ಯಾ?"

"ಹೂಂ ಸರ್."

"ಹಾಗಾದ್ರೆ ಒರೆಸು" ಎಂದು ಎದ್ದರು. ಆ ದಿನ ಮುಂದಿನ ಈಸೆಲ್ಲಿಗೆ ಹೋಗಲಿಲ್ಲ. ಕೆಮ್ಮುತ್ತ ಮೆಟ್ಟಿಲಿಳಿದು ಮನೆಗೆ ಹೋದರು.

ಚುಕ್ಕಿ ಬಟ್ಟೆ ಅದ್ದಿದಳು, ಹಿಂಡಿದಳು. ಕೈ ಮೇಲೆತ್ತಿ ಹಾಗೇ ನಿಂತಳು. ನಾಳೆ ಬೆಳಿಗ್ಗೆ ಒರೆಸಿದರಾಯಿತು, ಇನ್ನೊಂದು ಸಲ ನೋಡಿಕೊಳ್ಳೋಣ ಎಂದುಕೊಂಡಳು. ಬ್ರಷ್ಷು ತೊಳೆದುಕೊಂಡು ಬಂದ ಟರ್ಪಿ ಚಿತ್ರವನ್ನು ನೋಡಿದ, ಅವಳ ಕೈಯಲ್ಲಿದ್ದ ಬಟ್ಟೆ ನೋಡಿದ. "ಅಯ್ಯೋ, ಇದನ್ನ ಒರೆಸೋಕೆ ಹೇಗೆ ಮನಸ್ಸು ಬರುತ್ತೇ?" ಎಂದು ಮರುಗಿ, ಚೀಲ ಹೆಗಲಿಗೇರಿಸಿ ಹೋದ.

ಮರುದಿನ ಮೇಷ್ಟ್ರು ಬರಲಿಲ್ಲ. ಆಸ್ಪತ್ರೆಗೆ ಸೇರಿಸಿದ್ದಾರೆ ಎಂದರು. ಆ ವಾರ ಕಳೆಯುವುದರೊಳಗೆ, ಇನ್ನಿಲ್ಲ ಎಂದರು. ಭಗವಂತ ಕರೆದಾಗ ಕೈಯಲ್ಲಿದ್ದ ಕೆಲಸ ಮುಗಿಸಿ ಬರುತ್ತೇನೆ ಎನ್ನಲು ಯಾರಿಗೂ ಆಗುವುದಿಲ್ಲ. ಕೋಣೆಯಲ್ಲಿ ಅವರ ಮೇಲಂಗಿ ಮೊಳೆಗೆ ತೂಗಿಕೊಂಡೇ ಇತ್ತು. ಹುಡುಗರು ಅತ್ತರು. ಚುಕ್ಕಿ ಎಲ್ಲರಿಗಿಂತ ಹೆಚ್ಚು ಅತ್ತಳು. ಆ ಅಳು ನಿಜವಾದದ್ದೇ.

ಮೊದಮೊದಲು ಆ ಕೈಯನ್ನು ಮುಟ್ಟದೆ ಬಿಟ್ಟದ್ದು ಭಕ್ತಿಯೆಂದೇ ಅವಳು ತಿಳಿದಿದ್ದಳು. ಅವರು ಕೊನೆಯದಾಗಿ ಬರೆದದ್ದು. ಅದರ ಮೇಲೆ ಬಟ್ಟೆ ಆಡಿಸುವುದು ಹೇಗೆ? ಆದರೆ ಭಕ್ತಿಗೆ ಮಾಡಲು ಕೆಲಸವಿರುವುದಿಲ್ಲ, ಸುಮ್ಮನೆ ನೋಡಿಕೊಂಡಿರುತ್ತದೆ. ಅವಳ ಕೈ ಸುಮ್ಮನಿರಲಿಲ್ಲ. ಮೇಷ್ಟ್ರ ಕೈಗೂ ತಾನು ಬರೆದ ತೋಳಿಗೂ ನಡುವೆ ಮಣಿಕಟ್ಟಿನ ಹತ್ತಿರ ಹೊಂದಿಕೆ ಇರಲಿಲ್ಲ. ಗೋಡೆಗೆ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಒಂದು ಮಧ್ಯಾಹ್ನ ತೆಳುವಾಗಿ ಬಣ್ಣ ಕಲಸಿ ಆ ತೇಪೆಯನ್ನು ಸವರಿ ಅಳಿಸಿದಳು. ಅಂಗಿಯ ತೋಳನ್ನು ಒಂದಿಷ್ಟು ಕೆಳಗಿಳಿಸಿದಳು. ಎಲ್ಲಿ ಅವರದು ಮುಗಿದು ಎಲ್ಲಿ ತನ್ನದು ತೊಡಗಿತು ಎಂದು ಯಾರಿಗೂ ತಿಳಿಯದಂತಾಯಿತು. ಕೆಳಗಿನ ಮೂಲೆಯಲ್ಲಿ ತನ್ನ ಹೆಸರು ಬರೆದಳು. ಬರೆಯುವಾಗ ಯಾರೋ ಬಂದಂತಾಗಿ ಬಾಗಿಲ ಕಡೆ ತಿರುಗಿದಳು. ಯಾರೂ ಇರಲಿಲ್ಲ. ಯಾರೂ ಇಲ್ಲದಿದ್ದರೂ ಮುಖ ಕಾದು ಕೆಂಪಾಗಿತ್ತು. ಭಕ್ತಿಯಾಗಿದ್ದರೆ ಬಾಗಿಲ ಕಡೆ ನೋಡುವ ಕಾರಣವೇನಿತ್ತು?

ವರ್ಷದ ಕೊನೆಗೆ ಚಿತ್ರಗಳನ್ನು ಸಾಲಾಗಿ ನಿಲ್ಲಿಸಿ ಹಿರಿಯ ಅಧ್ಯಾಪಕರು ನೋಡಿದರು. ವಿಭಾಗಕ್ಕೆ ಹೊಸದಾಗಿ ಬಂದಿದ್ದ ಮುಖ್ಯಸ್ಥೆ ಬೇರೆ ಕಾಲೇಜಿನವರು, ಮೇಷ್ಟ್ರನ್ನು ಕಂಡವರಲ್ಲ. ಎಲ್ಲರ ಚಿತ್ರದ ಮುಂದೆಯೂ ನಡೆಯುತ್ತ ನಡೆಯುತ್ತ ನೋಡಿದವರು ತಾತನ ಮುಂದೆ ನಿಂತುಬಿಟ್ಟರು.

"ಮುಖ ಚೆನ್ನಾಗಿದೆ" ಎಂದರು. "ಆದ್ರೆ ಈ ಕೈ ನೋಡಿ. ಮೂರನೇ ವರ್ಷದ ಹುಡುಗಿ ಇಂಥ ಕೈ ಬರೀತಾಳೆ ಅಂದ್ರೆ! ಯಾರಮ್ಮ ಕಲಿಸಿದ್ದು?"

"ಮೇಷ್ಟ್ರು" ಎಂದಳು ಚುಕ್ಕಿ.

ಬಾಯಿಂದ ಬಿದ್ದದ್ದು ನಿಜದ ಮಾತೇ. ಅದರ ಬೆನ್ನಿಗೆ ಇನ್ನೊಂದು ಮಾತು ಬರಬೇಕಿತ್ತು, ಬರಲಿಲ್ಲ. ಮುಖ್ಯಸ್ಥೆ ಅವಳ ಬೆನ್ನು ತಟ್ಟಿದರು. ತಟ್ಟಿದ ಜಾಗ ಸಂಜೆಯವರೆಗೆ ಸುಟ್ಟಂತಿತ್ತು.

ಆ ವರ್ಷದಿಂದ ಮೇಷ್ಟ್ರ ಹೆಸರಿನಲ್ಲಿ ಒಂದು ಬಹುಮಾನ ಇಡಬೇಕೆಂದು ಕಾಲೇಜು ತೀರ್ಮಾನಿಸಿತ್ತು. ಮೊದಲ ಬಹುಮಾನ ತಾತನ ಚಿತ್ರಕ್ಕೆ ಎಂದು ಗೊತ್ತಾಯಿತು. ಪ್ರದರ್ಶನದ ದಿನ ಮೇಷ್ಟ್ರ ಹೆಂಡತಿಯೇ ಬಂದು ಅದನ್ನು ಕೈಯಾರೆ ಕೊಡುವರು ಎಂದೂ ಗೊತ್ತಾಯಿತು.

ಚುಕ್ಕಿಗೆ ಇದು ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುತ್ತಾಯಿತು. ಎಲ್ಲರೂ ಹೋದ ಮೇಲೆ ಬ್ಲೇಡು ತೆಗೆದುಕೊಂಡು ಚಿತ್ರದ ಮುಂದೆ ಕುಳಿತಳು. ಹಸಿಯಿದ್ದಾಗ ಒಂದು ಬಟ್ಟೆಗೆ ಬರುತ್ತಿದ್ದದ್ದು ಈಗ ಒಣಗಿ ಕಲ್ಲಾಗಿತ್ತು. ಅಂಚಿನಲ್ಲಿ ಬ್ಲೇಡು ತಾಗಿಸಿದಳು. ಉಗುರಿನಷ್ಟು ಬಣ್ಣ ಪುಡಿಯಾಗಿ ಉದುರಿತು. ಅವಳಿಗೆ ಮೇಷ್ಟ್ರ ಚರ್ಮವನ್ನೇ ಕೆರೆದಂತಾಗಿ ಬ್ಲೇಡು ಕೆಳಗಿಟ್ಟಳು. ಇಟ್ಟರೆ ಕಳ್ಳತನ, ತೆಗೆದರೆ ಕೊಲೆ ಎಂಬಂತಾಯಿತು ಅವಳ ಪಾಡು. ಉಳಿದ ದಾರಿ ಒಂದೇ: ಬಾಯಿಬಿಟ್ಟು ಹೇಳುವುದು.

ಮರುದಿನ ಟರ್ಪಿಯನ್ನು ಮೆಟ್ಟಿಲ ಹತ್ತಿರ ಹಿಡಿದಳು.

"ನಿನಗೆ ಗೊತ್ತಲ್ವಾ?"

"ಏನು ಗೊತ್ತು?"

"ಸುಮ್ನೆ ಇರ್ಬೇಡ ಕಣೋ. ಆವತ್ತು ಸಂಜೆ ನೀನು ನೋಡ್ದೆ."

ಟರ್ಪಿ ಕಂಬಿಯ ಮೇಲಿನ ಬಣ್ಣದ ಸಿಪ್ಪೆಯನ್ನು ಉಗುರಿನಿಂದ ಕೀಳತೊಡಗಿದ. "ನಾನು ಯಾರಿಗೂ ಹೇಳಲ್ಲ ಚುಕ್ಕಿ."

"ಹೇಳು ಅಂತ ಕೇಳ್ತಿದೀನಿ. ಅಥವಾ ನಾನು ಹೇಗೆ ಹೇಳ್ಲಿ ಅಂತ ಹೇಳಿಕೊಡು."

"ಮೂಗು ಒರೆಸಿದ್ದೀನಿ, ಕಿವಿ ಒರೆಸಿದ್ದೀನಿ, ಒಂದು ಸಲ ಪೂರ್ತಿ ಕುದುರೆ ಒರೆಸಿದ್ದೀನಿ ನಾನು" ಎಂದ ಟರ್ಪಿ. ತಮಾಷೆಯಾಗಿಯೇ ಹೇಳಲು ಹೊರಟಿದ್ದ. ಸಿಪ್ಪೆ ಕೀಳುವುದು ನಡುವೆ ನಿಂತಿತು. "ಎಂಥಾ ಕುದುರೆ ಗೊತ್ತಾ ಅದು. ಆಮೇಲೆ ನಾನು ಬರೆದದ್ದು ಕತ್ತೆ ಆಯ್ತು. ಆ ಕತ್ತೇನೇ ಪರೀಕ್ಷೆಗೆ ಇಟ್ಟೆ." ಅಷ್ಟು ಹೇಳಿ ಮೇಲೆ ಹತ್ತಿ ಹೋದ. ಬೈದಿದ್ದರೆ ಸಹಿಸಬಹುದಿತ್ತು ಎನಿಸಿತು ಅವಳಿಗೆ.

ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಪ್ರದರ್ಶನದ ದಿನವೇ ಬಂದಿತು. ಹೇಳದಿರಲು ಮನೆಯಲ್ಲಿ ಇನ್ನೊಂದು ಕಾರಣ ಬೆಳೆದಿತ್ತು. ತಾತ ಬೀದಿಗೆಲ್ಲ ಸಾರಿಬಿಟ್ಟಿದ್ದ. ಹಾಲಿನವನಿಗೆ, ಕ್ಷೌರದವನಿಗೆ, ತನ್ನ ಹಳೆಯ ಡ್ರೈವರನಿಗೆ, ದಾರಿಯಲ್ಲಿ ಸಿಕ್ಕ ಅಪರಿಚಿತನಿಗೂ: "ನನ್ನ ಮುಖಕ್ಕೆ ಬಹುಮಾನ ಬಂದಿದೆ. ಇಷ್ಟು ವರ್ಷ ಯಾರೂ ತಿರುಗಿ ನೋಡದ ಮುಖ ನೋಡಿ ಇದು." ಡ್ರೈವರನನ್ನೂ ಕಟ್ಟಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಗಿಲು ತೆರೆಯುವ ಮುಂಚೆಯೇ ಕಾಲೇಜಿಗೆ ಬಂದು ನಿಂತ.

ಮುಖವನ್ನು ಅವನು ಮನೆಯಲ್ಲೇ ನೋಡಿದ್ದ. ಕೈಯನ್ನು ನೋಡುವುದು ಇದೇ ಮೊದಲು. ಬಹಳ ಹೊತ್ತು ನೋಡಿದ. ತನ್ನ ಎಡಗೈಯನ್ನು ಎತ್ತಿ ಕಣ್ಣೆದುರು ಹಿಡಿದ. ಮತ್ತೆ ಚಿತ್ರ ನೋಡಿದ.

"ಮಗಾ, ನನ್ನ ಕಿರುಬೆರಳು ಯಾವಾಗ ಸೊಟ್ಟಗಾಯ್ತೇ?"

ಅದುವರೆಗೆ ಚುಕ್ಕಿ ಅದನ್ನು ಗಮನಿಸಿಯೇ ಇರಲಿಲ್ಲ. ಚಿತ್ರದ ಕಿರುಬೆರಳು ತುದಿಯ ಗೆಣ್ಣಿನಲ್ಲಿ ಒಳಗೆ ಬಾಗಿತ್ತು. ಅದು ಮೇಷ್ಟ್ರ ಬೆರಳು. ಕಾಲೇಜಿನ ಮೂರು ವರ್ಷವೂ ಆ ಬೆರಳು ಪ್ಯಾಲೆಟ್ಟಿನ ಕೆಳಗೆ ಬಾಗಿಕೊಂಡಿದ್ದುದನ್ನು ನೋಡಿದ್ದಳು. ಕುಂಬಳಕಾಯಿ ಕಳ್ಳನ ಹಾಗೆ ಅವಳ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು.

"ಬೆಳಕಿಗೆ ಹಾಗೆ ಕಾಣುತ್ತೆ ತಾತ."

"ಬೆಳಕಿಗಾ?"

"ಹೂಂ."

"ಇರಬಹುದು, ಇರಬಹುದು" ಎಂದ ತಾತ. ಮೊಮ್ಮಗಳು ತನಗೆ ಸುಳ್ಳು ಹೇಳಬಹುದು ಎಂಬುದು ಅವನ ಲೆಕ್ಕದಲ್ಲೇ ಇರಲಿಲ್ಲ.

ಜನ ತುಂಬಿದರು. ತಾತ ಚಿತ್ರದ ಪಕ್ಕದಲ್ಲೇ ನಿಂತ. ನಿಲ್ಲುವುದು ಅವನಿಗೆ ಬಂದ ವಿದ್ಯೆ. ಬಂದವರು ಚಿತ್ರ ನೋಡಿ, ಅವನನ್ನು ನೋಡಿ, ಹೋಲಿಸಿ ನಗುತ್ತಿದ್ದರು. ಡ್ರೈವರ್ ಮಾತ್ರ ಕತ್ತು ಓರೆಮಾಡಿ, "ಏನಪ್ಪಾ, ಮುಖ ನಿಂದೇ. ಆ ಬೆರಳು ಯಾರದು?" ಎಂದ.

"ನಿನಗೆ ಸ್ಟೀರಿಂಗ್ ಬಿಟ್ರೆ ಬೇರೇನು ಗೊತ್ತು? ಕಲೆ ಅಂದ್ರೆ ಹಾಗೇ. ಬೇಕಾದ್ದನ್ನ ಬಗ್ಗಿಸ್ತಾರೆ, ಬೇಡಾದ್ದನ್ನ ನೆಟ್ಟಗೆ ಮಾಡ್ತಾರೆ" ಎಂದು ತಾತ ಅವನ ಬಾಯಿ ಮುಚ್ಚಿಸಿದ.

ದೂರದಿಂದ ನೋಡುತ್ತಿದ್ದ ಚುಕ್ಕಿಗೆ ಆಮೇಲೆ ಕಂಡದ್ದು ಬೇರೆ. ತಾತನ ಎಡಗೈ ತೊಡೆಯ ಪಕ್ಕದಲ್ಲಿ ಜೋತಿತ್ತು, ಅದರ ಕಿರುಬೆರಳನ್ನು ಅವನು ಒಳಗೆ ಮಡಿಚಿ ಹಿಡಿದುಕೊಂಡಿದ್ದ. ಹೆಬ್ಬೆರಳಿನಿಂದ ಒತ್ತಿ, ಚಿತ್ರದಲ್ಲಿ ಇರುವಂತೆಯೇ. ಯಾರಾದರೂ ಹತ್ತಿರ ಬಂದರೆ ಇನ್ನಷ್ಟು ಬಿಗಿ ಹಿಡಿಯುತ್ತಿದ್ದ. ಮೊಮ್ಮಗಳ ಚಿತ್ರ ತಪ್ಪೆಂದು ಯಾರೂ ಅನ್ನಬಾರದು, ಅಷ್ಟೇ. ಭೂಮಿ ಬಾಯಿ ತೆರೆಯಬಾರದೇ ಎಂದು ಚುಕ್ಕಿ ಬೇಡಿಕೊಂಡಳು. ಭೂಮಿ ತೆರೆಯಲಿಲ್ಲ, ಬಾಗಿಲು ತೆರೆಯಿತು. ಮುಖ್ಯಸ್ಥೆಯ ಜೊತೆ ಮೇಷ್ಟ್ರ ಹೆಂಡತಿ ಬಂದರು.

ಬಿಳಿ ಕೂದಲಿನ, ಸಣ್ಣ ಮೈಯ ಹೆಂಗಸು. ಯಾರ ಜೊತೆಗೂ ಹೆಚ್ಚು ಮಾತಿಲ್ಲ. "ಮೊದಲು ಚಿತ್ರ ನೋಡಿಬಿಡ್ತೀನಿ" ಎಂದು ನೇರವಾಗಿ ತಾತನ ಚಿತ್ರದ ಬಳಿ ಬಂದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ಮುಖವನ್ನು ನೋಡಿದರು. ಕಣ್ಣು ಕೆಳಗಿಳಿದು ಕೈಯ ಮೇಲೆ ನಿಂತಿತು. ನಿಂತದ್ದು ಅಲ್ಲಿಂದ ಕದಲಲಿಲ್ಲ.

ಮುಖ್ಯಸ್ಥೆ ಏನೋ ವಿವರಿಸುತ್ತಿದ್ದರು. ಅದು ಅವರ ಕಿವಿಗೆ ಬೀಳುತ್ತಿರಲಿಲ್ಲ. ನಿಧಾನವಾಗಿ ತಾತನ ಕಡೆ ತಿರುಗಿದರು.

"ಚಿತ್ರದಲ್ಲಿರೋರು ನೀವೇನಾ?"

"ನಾನೇ ತಾಯೀ."

"ನಿಮ್ಮ ಕೈ ಒಂದು ಸಲ ತೋರಿಸ್ತೀರಾ?"

ತಾತ ಎಡಗೈ ಚಾಚಿದ. ಕಿರುಬೆರಳು ಬಾಗಿಯೇ ಇತ್ತು. ಹೆಬ್ಬೆರಳು ಅದನ್ನು ಇನ್ನೂ ಒತ್ತಿ ಹಿಡಿದಿತ್ತು.

"ನಿಮಗೂ ಹೀಗೇನಾ?" ಎಂದರು ಅವರು. ದನಿಯಲ್ಲಿ ಆಸೆಯಿತ್ತೋ ಅನುಮಾನವಿತ್ತೋ ತಿಳಿಯಲಿಲ್ಲ.

ತಾತ ಒಮ್ಮೆ ಚಿತ್ರ ನೋಡಿದ, ಒಮ್ಮೆ ಚುಕ್ಕಿಯನ್ನು ಹುಡುಕಿದ.

"ಹುಟ್ಟಿನಿಂದ ಹೀಗೇ ತಾಯೀ" ಎಂದ.

ಬಸ್ಸಿನಲ್ಲಿ ಅಷ್ಟು ಕಾಲ ದುಡಿದು ಒಂದು ಸುಳ್ಳು ಟಿಕೀಟು ಹರಿಯದವನು. ಸಾಹೇಬರ ತನಿಖೆಗೆ ಎಂದೂ ಬೆವರದವನು. ಅವನ ಬಾಯಿಂದ ಆ ಮಾತು ಬಿದ್ದದ್ದೇ ಚುಕ್ಕಿಯ ಕಾಲು ತಾನಾಗಿ ಮುಂದೆ ಬಂದಿತು.

"ತಾತ, ಬೆರಳು ಬಿಡು."

"ಏನೇ?"

"ಬೆರಳು ಬಿಡು ತಾತ. ಸಾಕು." ಅವಳೇ ಅವನ ಕೈ ಹಿಡಿದು, ಹೆಬ್ಬೆರಳನ್ನು ಎತ್ತಿ, ಕಿರುಬೆರಳನ್ನು ನೆಟ್ಟಗೆ ಮಾಡಿದಳು. ಆಮೇಲೆ ಮೇಷ್ಟ್ರ ಹೆಂಡತಿಯ ಮುಖ ನೋಡಲಾರದೆ ಅವರ ಕಾಲುಗಳನ್ನು ನೋಡುತ್ತ ಹೇಳಿದಳು. "ಅಮ್ಮ, ಆ ಕೈ ತಾತಂದಲ್ಲ. ನಾನು ಬರೆದಿದ್ದೂ ಅಲ್ಲ. ಮೇಷ್ಟ್ರು ತಮ್ಮ ಕೈ ನೋಡ್ಕೊಂಡು ತಿದ್ದಿಕೊಟ್ಟಿದ್ದು. ಒರೆಸು ಅಂದ್ರು. ನಾನು ಒರೆಸಲಿಲ್ಲ."

ಹತ್ತಿರವಿದ್ದವರು ಇತ್ತ ತಿರುಗಿದರು. ಮುಖ್ಯಸ್ಥೆ "ಏನಮ್ಮ ಹೇಳ್ತಿದೀಯ?" ಎಂದರು. ಡ್ರೈವರ್ ತನಗೆ ಸಂಬಂಧವಿಲ್ಲದವನಂತೆ ಪಕ್ಕದ ಚಿತ್ರ ನೋಡತೊಡಗಿದ.

"ಮಣಿಕಟ್ಟಿನ ಹತ್ರ ಬಣ್ಣ ಸವರಿ ಯಾರಿಗೂ ಗೊತ್ತಾಗದ ಹಾಗೆ ಮಾಡಿದ್ದು ನಾನು" ಎಂದಳು ಚುಕ್ಕಿ. ಅದೊಂದನ್ನು ಬಿಟ್ಟು ಹೇಳಬಹುದಿತ್ತು. ಬಿಟ್ಟರೆ ಹೇಳಿದಂತಾಗುತ್ತಿರಲಿಲ್ಲ.

ಮೇಷ್ಟ್ರ ಹೆಂಡತಿ ಅವಳನ್ನು ನೋಡಲಿಲ್ಲ. ಚಿತ್ರದ ಹತ್ತಿರಕ್ಕೆ ಹೋಗಿ, ಮುಟ್ಟಬಾರದೆಂಬ ಕಟ್ಟಳೆಯನ್ನೂ ಮರೆತು, ಬಾಗಿದ ಆ ಕಿರುಬೆರಳಿನ ಮೇಲೆ ತಮ್ಮ ಬೆರಳಿಟ್ಟರು.

"ಮದುವೆಯಾದ ಹೊಸತರಲ್ಲಿ ಕಿಟಕಿ ಬಾಗಿಲಿಗೆ ಸಿಕ್ಕಿ ಮುರೀತು" ಎಂದರು, ಯಾರಿಗೂ ಅಲ್ಲದಂತೆ. "ಪಟ್ಟಿ ಕಟ್ಟಿದ್ದು ನಾನೇ. ಡಾಕ್ಟರು ಬೇಡ, ನನಗೆ ಬರುತ್ತೆ ಅಂತ ಜಂಬ. ಸೊಟ್ಟಗೆ ಕೂತ್ಕೊಂಡ್ಬಿಡ್ತು. ಒಂದು ದಿನಾನೂ ಆಡಿ ತೋರಿಸಲಿಲ್ಲ ಪುಣ್ಯಾತ್ಮ."

"ನಾನು ಕೆರೆದು ತೆಗೆದುಬಿಡ್ತೀನಿ ಅಮ್ಮ" ಎಂದಳು ಚುಕ್ಕಿ. "ಅವರು ಹೇಳಿದ ಹಾಗೆ ಮಾಡ್ತೀನಿ. ಇವತ್ತೇ ಮಾಡ್ತೀನಿ." ಹಾಗೆ ತೆಗೆದರೆ ತನ್ನ ಎದೆಯ ಮೇಲಿನ ಕಲ್ಲು ಇಳಿದೀತೆಂಬ ಆಸೆ ಅವಳಿಗೆ.

ಅವರು ಬೆರಳು ತೆಗೆಯಲಿಲ್ಲ. "ಅವರಿದ್ದಿದ್ರೆ ಒರೆಸು ಅಂತಲೇ ಅನ್ನೋರು. ಮನೇಲಿ ಅವರದು ಅಂತ ಒಂದು ಚಿತ್ರ ಇಲ್ಲ ನೋಡು. ಎಲ್ಲಾ ನಿಮ್ಮ ಬಟ್ಟೇಲಿ ಹೋಯ್ತು. ನಾನು ಅವರಷ್ಟು ಗಟ್ಟಿಯಲ್ಲ ಮಗಾ. ಕೆರೀಬೇಡ."

ಚುಕ್ಕಿ ತಲೆ ಎತ್ತಿದಳು. ಅವರ ಕಣ್ಣಲ್ಲಿ ಕೋಪ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. "ಬಹುಮಾನ ಮಾತ್ರ ನನ್ನ ಕೈಯಾರೆ ನಿನಗೆ ಕೊಡಲಾರೆ. ಅವರ ಹೆಸರಿಂದು ಅದು" ಎಂದರು. ತಾತನ ಕಡೆ ತಿರುಗಿ ಕೈ ಮುಗಿದರು. ತಾತನೂ ಮುಗಿದ. ನೆಟ್ಟಗಿನ ಹತ್ತು ಬೆರಳಿನ ಕೈ.

ಬಹುಮಾನ ಮೆಟ್ಟಿಲುಗಳ ಚಿತ್ರ ಬರೆದ ಹುಡುಗಿಯೊಬ್ಬಳಿಗೆ ಹೋಯಿತು. ಚುಕ್ಕಿ ಕೊನೆಯ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಟರ್ಪಿ ಪಕ್ಕಕ್ಕೆ ಬಂದು ನಿಂತ. ಸಭೆ ಮುಗಿಯುವವರೆಗೂ ಹೋಗಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಆ ಚಿತ್ರವನ್ನು ಮೇಷ್ಟ್ರ ಮನೆಗೆ ಕೊಡುವುದೆಂದಾಯಿತು. ಮೂಲೆಯಲ್ಲಿ ತನ್ನ ಹೆಸರಿದ್ದಲ್ಲಿ ಚುಕ್ಕಿ ಬ್ಲೇಡು ಆಡಿಸಿದಳು. ಹೆಸರು ಹೋಯಿತು, ಕೆರೆದ ಗುರುತು ಉಳಿಯಿತು. ತಾತನ ಒಪ್ಪಿಗೆ ಕೇಳಿದಾಗ, "ಹೋಗ್ಲಿ ಬಿಡು. ಮುಖ ನಂದು, ಕೈ ಅವರದು. ಪಾಲು ಮಾಡೋಕಾಗುತ್ತಾ?" ಎಂದ. ಅಷ್ಟು ದಿನಗಳಲ್ಲಿ ಅವನು ಆಡಿದ ತಮಾಷೆ ಅದೊಂದೇ.

ತಾತ ಮಾತು ಕಡಿಮೆ ಮಾಡಿದ್ದ. ಹಾಲಿನವನು, ಕ್ಷೌರದವನು ಕೇಳಿದರೆ "ಬೇರೆಯವರಿಗೆ ಬಂತಪ್ಪ" ಎಂದು ಒಳಗೆ ಬರುತ್ತಿದ್ದ. ತನ್ನಿಂದ ಅವನ ಮಾನ ಹೋಯಿತೆಂದು ಚುಕ್ಕಿ ಅವನೆದುರು ಬಾರದೆ ಅಡುಗೆಮನೆಯ ಕಡೆಯಿಂದ ಓಡಾಡುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅವನೇ ಕರೆದ.

"ಬಾರೇ ಇಲ್ಲಿ. ಕೋಪ ಇದೆ ಅಂದ್ಕೊಂಡಿದೀಯಾ?"

ಅವಳು ಅಡುಗೆಮನೆಯ ಹೊಸ್ತಿಲವರೆಗೆ ಬಂದಳು.

"ಬಹುಮಾನ ಹೋದ್ರೆ ಹೋಯ್ತು, ಬೀದಿಯವರು ನಾಲ್ಕು ದಿನ ಮಾತಾಡ್ತಾರೆ, ಐದನೇ ದಿನ ಬೇರೆಯವರ ಮನೆ ಸುದ್ದಿ ಸಿಗುತ್ತೆ. ಅದಲ್ಲ. ಆ ತಾಯಿ ಎದುರು ಹುಟ್ಟಿನಿಂದ ಅಂದ್ನಲ್ಲಾ." ಅವನು ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡ. "ಗಂಡನ್ನ ಕಳ್ಕೊಂಡವಳು ಬಂದು ಕೈ ತೋರಿಸಿ ಅಂತ ಕೇಳ್ತಾಳೆ, ನಾನು ಸುಳ್ಳು ಬೆರಳು ತೋರಿಸ್ದೆ. ನಾಳೆ ಮೇಲೆ ಹೋದಾಗ ಆ ಭಗವಂತ ಟಿಕೀಟು ತೋರಿಸು ಅಂದ್ರೆ ಇದೊಂದಕ್ಕೆ ಏನು ಹೇಳ್ಲಿ?"

"ನಾನೇ ಹೇಳ್ಸಿದ್ದು ತಾತ."

"ನೀನು ಹೇಳ್ಸಿದ್ದು, ನಾನು ಹೇಳಿದ್ದು" ಎಂದ ತಾತ.

ಹಾಗಲ್ಲ ಬಿಡು ಮಗಾ ಎಂದು ಅವನು ಅನ್ನಬಹುದಿತ್ತು. ಅನ್ನಲಿಲ್ಲ. ಅವನು ಸುಳ್ಳು ಹೇಳುವವನಲ್ಲ.

ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ತಾನೇ ಎಳೆದು ಕುಳಿತು, ಎಡಗೈಯನ್ನು ಮೊಣಕಾಲಿನ ಮೇಲೆ ಊರಿದ. "ಬರಿ" ಎಂದ. ಚುಕ್ಕಿ ಒಂದು ಸಣ್ಣ ಕ್ಯಾನ್ವಾಸ್ ತಂದು ಎದುರಿಗೆ ಕುಳಿತಳು. ಕಾವಿಗೆ ಚೂರು ಹಸಿರು ಕಲಸಿದಳು. ಭಾರ ಎಲ್ಲಿ ಇಳಿಯುತ್ತಿದೆ ಎಂದು ನೋಡಿದಳು. ಗೆಣ್ಣಿನ ಹತ್ತಿರ. ಬೆರಳು ಸುಮ್ಮನೆ ಜೊತೆಗೆ ಬಂದವು. ಎಲ್ಲ ತಿಳಿದಿತ್ತು. ಬರೆದದ್ದು ಮಾತ್ರ ಹತ್ತಿ ತುಂಬಿದ ಕೈಗವಸು.

ನೋಡಿದಳು. ಸರಿಯಾಗಿ ನೋಡಿದಳು. ಬಟ್ಟೆ ಅದ್ದಿ ಒರೆಸಿದಳು. ಮತ್ತೆ ಬರೆದಳು, ಮತ್ತೆ ಒರೆಸಿದಳು. ಹೊರಗೆ ಬಿಸಿಲು ಏರಿ ಅಂಗಳಕ್ಕೆ ಬಂದರೂ ತಾತ ಏಳಲಿಲ್ಲ. ಬಾಗಿಲ ಚೌಕಟ್ಟಿನ ಕಡೆ ನೋಡಲೂ ಇಲ್ಲ. ಗೊಣಗಿದ್ದರೆ ಅವಳಿಗೆ ಒಂದಿಷ್ಟು ಹಗುರವಾಗುತ್ತಿತ್ತೇನೋ. ಅವನು ಬೆರಳುಗಳನ್ನು ನೆಟ್ಟಗೆ ಚಾಚಿಕೊಂಡು, ಉಸಿರನ್ನೂ ಹಿಡಿದವನಂತೆ, ಕದಲದೆ ಕುಳಿತಿದ್ದ. ಅವಳು ಇನ್ನೊಂದು ಬಟ್ಟೆಚೂರು ಹರಿದುಕೊಂಡಳು.